ಬೆಳ್ಳಿಯ ಎಡಗಿವಿ

ನಾಯಿಯ ಕಿವಿ ಶುಚಿ ಮಾಡಲು ಕುಳಿತಾಗ ನಾನು ಮೊದಲು ಕೆಲಸಕ್ಕೆ ಹಚ್ಚುವುದು ಮೂಗನ್ನು. ಹಾಲೆಯನ್ನು ಎತ್ತಿ ಮೂಸಿ, ಬೆಳಕಿಗೆ ಹಿಡಿದು ನೋಡಿದ ಮೇಲೆಯೇ ದ್ರಾವಣದ ಬಾಟಲಿ ಕೈಗೆ ಬರುತ್ತದೆ. ಆರೋಗ್ಯವಾಗಿರುವ ಕಿವಿಗೆ ಹೇಳಿಕೊಳ್ಳುವಂಥ ವಾಸನೆ ಇರುವುದಿಲ್ಲ. ಒಳಗಿನ ಚರ್ಮ ತಿಳಿಗುಲಾಬಿಯಾಗಿರುತ್ತದೆ. ಒಂದಿಷ್ಟು ಗುಗ್ಗೆ ಇದ್ದರೂ ಅದು ಸಹಜವೇ.

ಬೆಳ್ಳಿ ಸ್ಪ್ಯಾನಿಯಲ್ ಜಾತಿಯವಳು. ನೆಲ ಮೂಸುವಾಗ ಮಣ್ಣಿಗೆ ತಾಗುವಷ್ಟು ಉದ್ದದ ಜೋಲುಗಿವಿ, ಅದರ ಒಳಬದಿಯಲ್ಲೂ ದಟ್ಟ ಕೂದಲು, ಜೊತೆಗೆ ನೀರು ಕಂಡರೆ ಧುಮುಕುವ ಹುಚ್ಚು. ಇಂಥ ಕಿವಿಗೆ ಗಾಳಿಯಾಡುವುದಿಲ್ಲ, ಒಳಗೆ ಸೇರಿದ ತೇವ ಬೇಗ ಆರುವುದಿಲ್ಲ. ಸಾಲದ್ದಕ್ಕೆ ನಾಯಿಯ ಕಿವಿನಾಳ ಮೊದಲು ಕೆಳಕ್ಕಿಳಿದು ಆಮೇಲೆ ಒಳಕ್ಕೆ ತಿರುಗುತ್ತದೆ. ಕಿವಿಯ ತಮಟೆ ಇರುವುದು ಆ ತಿರುವಿನಾಚೆ. ಹತ್ತಿ ಸುತ್ತಿದ ಕಡ್ಡಿಗಳನ್ನು ನಾನು ಅವಳ ಹತ್ತಿರಕ್ಕೂ ತರದಿರುವುದು ಇದಕ್ಕೇ. ಕಡ್ಡಿ ಗುಗ್ಗೆಯನ್ನು ತೆಗೆಯುವುದು ಕಡಿಮೆ, ತಿರುವಿನತ್ತ ತಳ್ಳಿ ಗಟ್ಟಿ ಮಾಡುವುದೇ ಹೆಚ್ಚು.

ಆ ಭಾನುವಾರ ಎಂದಿನಂತೆ ಬಲಗಿವಿಯಿಂದ ಆರಂಭಿಸಿದೆ. ತಣ್ಣಗಿನ ದ್ರಾವಣ ಬಿದ್ದರೆ ಬೆಚ್ಚಿಬೀಳುತ್ತಾಳೆಂದು ಬಾಟಲಿಯನ್ನು ಅಂಗೈಗಳ ನಡುವೆ ಹಿಡಿದು ಬೆಚ್ಚಗೆ ಮಾಡಿಕೊಂಡಿದ್ದೆ. ಹಾಲೆಯನ್ನು ನೇರವಾಗಿ ಮೇಲಕ್ಕೆತ್ತಿ, ಬಾಟಲಿಯ ತುದಿ ಚರ್ಮಕ್ಕೆ ತಾಗದಂತೆ, ನಾಳ ತುಂಬುವಷ್ಟು ದ್ರಾವಣ ಸುರಿದೆ. ಕಿವಿಯ ಬುಡವನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಡಿದು ಇಪ್ಪತ್ತು ಮೂವತ್ತು ಸೆಕೆಂಡು ಮೆಲ್ಲಗೆ ನೀವಿದಾಗ ಒಳಗಿನಿಂದ ಪಿಚಪಿಚ ಸದ್ದು ಕೇಳಿಸಿತು. ದ್ರಾವಣ ಆಳಕ್ಕಿಳಿದು ಗುಗ್ಗೆಯನ್ನು ಸಡಿಲಿಸುತ್ತಿದೆ ಎಂಬುದಕ್ಕೆ ಆ ಸದ್ದೇ ಗುರುತು. ಬೆಳ್ಳಿ ಕಣ್ಣು ಅರೆಮುಚ್ಚಿ ತಲೆಯ ಭಾರವನ್ನೆಲ್ಲ ನನ್ನ ಕೈಗೆ ಬಿಟ್ಟಳು. ಕೈ ಬಿಟ್ಟೊಡನೆ ತಲೆ ಝಾಡಿಸಿದಳು, ಸಡಿಲವಾದದ್ದು ಮೇಲೆ ಬಂತು. ಬೆರಳಿಗೆ ಸುತ್ತಿಕೊಂಡ ಹತ್ತಿಯಿಂದ ಕಣ್ಣಿಗೆ ಕಾಣುವ ಮಡಿಕೆಗಳನ್ನಷ್ಟೇ ಒರೆಸಿದೆ. ನಾನು ಬೆರಳನ್ನು ಅದಕ್ಕಿಂತ ಒಳಗೆ ಇಳಿಸುವುದಿಲ್ಲ.

ಎಡಗಿವಿಯ ಹಾಲೆ ಎತ್ತಿದಾಗ ಹುಳಿತ, ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ಮಡಿಕೆಗಳಲ್ಲಿ ಕಂದು ಬಣ್ಣದ ಜಿಡ್ಡು, ನಾಳದ ಬಾಯಿಯ ಸುತ್ತ ಕೆಂಪು. ಬುಡವನ್ನು ಮುಟ್ಟಿದೊಡನೆ ತಲೆ ಹಿಂದಕ್ಕೆಳೆದುಕೊಂಡಳು. ಬಾಟಲಿಯ ಮುಚ್ಚಳ ಹಾಕಿದೆ. ನೋಯುತ್ತಿರುವ ಕಿವಿಗೆ ದ್ರಾವಣ ಸುರಿಯಬಾರದು ಎಂಬ ವಿಷಯದಲ್ಲಿ ನಾನು ಹಟಮಾರಿ. ತಮಟೆಯಲ್ಲಿ ತೂತು ಬಿದ್ದಿದ್ದರೆ ಕೆಲವು ಔಷಧಗಳೂ ದ್ರಾವಣಗಳೂ ಒಳಗಿವಿಗೆ ಇಳಿದು ಶ್ರವಣಶಕ್ತಿಯನ್ನೇ ಕೆಡಿಸಬಲ್ಲವು, ಹೊರಗಿನಿಂದ ನೋಡಿ ಅದನ್ನು ತಿಳಿಯಲಾಗದು. ಅಲ್ಲದೆ ಆ ಜಿಡ್ಡು ವೈದ್ಯರಿಗೆ ಬೇಕಾದ ಸಾಕ್ಷಿ. ಅದನ್ನು ತೊಳೆದುಕೊಂಡು ಹೋದರೆ ಅವರು ಪರೀಕ್ಷಿಸುವುದಾದರೂ ಏನನ್ನು?

ಪಶುವೈದ್ಯೆ ದೀಪವಿರುವ ಉಪಕರಣದಿಂದ ಒಳಗಿಣುಕಿ ತಮಟೆ ಸರಿಯಿದೆ ಎಂದಾಗ ನನ್ನ ಎದೆಯ ಭಾರ ಇಳಿಯಿತು. ಜಿಡ್ಡನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನನಗೂ ತೋರಿಸಿದರು. ನಡು ಸಪೂರವಾದ ಕಡಲೆಕಾಯಿಯಂಥ ನೇರಳೆ ಕಣಗಳು ಗುಂಪುಗುಂಪಾಗಿ ಹರಡಿದ್ದವು. ಮಲಸೀಜಿಯಾ ಎಂಬ ಯೀಸ್ಟ್. ನಾಯಿಯ ಚರ್ಮದ ಮೇಲೆ ಇದು ಅಲ್ಪಸ್ವಲ್ಪ ಇದ್ದೇ ಇರುತ್ತದೆ. ತೇವವೋ ಅಲರ್ಜಿಯೋ ಅನುಕೂಲ ಮಾಡಿಕೊಟ್ಟರೆ ವಿಪರೀತ ಬೆಳೆಯುತ್ತದೆ. ಪಂಜ ನೆಕ್ಕುತ್ತಾಳೆಯೇ, ಮುಖ ಉಜ್ಜಿಕೊಳ್ಳುತ್ತಾಳೆಯೇ ಎಂದು ಕೇಳಿದರು. ಎರಡೂ ಉಂಟು. ಹಾಗಿದ್ದರೆ ಮೂಲ ಅಲರ್ಜಿಯೇ ಇರಬಹುದು, ಕಿವಿಗೆ ಮಾತ್ರ ಮದ್ದು ಹಾಕಿದರೆ ಮತ್ತೆ ಮರುಕಳಿಸುತ್ತದೆ ಎಂದರು.

ಇಷ್ಟು ಕಾಳಜಿಯಿಂದ ಶುಚಿ ಮಾಡಿಯೂ ಸೋಂಕು ಬಂತಲ್ಲ, ಮತ್ತೇಕೆ ಈ ಶ್ರಮ ಎಂದು ಗೆಳತಿಯೊಬ್ಬಳು ಕೇಳಿದಳು. ಬೆಳ್ಳಿ ಇನ್ನೂ ಕೆರೆದುಕೊಳ್ಳಲು ಆರಂಭಿಸುವ ಮೊದಲೇ ನನಗೆ ಗೊತ್ತಾಯಿತು, ಅದಕ್ಕೆ ಎಂದೆ. ನೋವಿನಿಂದ ತಲೆ ಒದರುತ್ತಲೇ ಇದ್ದರೆ ಹಾಲೆಯೊಳಗಿನ ರಕ್ತನಾಳ ಒಡೆದು ಇಡೀ ಕಿವಿ ಊದಿಕೊಳ್ಳುವುದೂ ಉಂಟು. ಪ್ರತಿ ವಾರ ಮೂಸಿ, ಮುಟ್ಟಿ ನೋಡುವವರಿಗೆ ಬದಲಾವಣೆ ಬೇಗನೆ ತಿಳಿಯುತ್ತದೆ. ಹಾಗೆಂದು ದಿನಾ ತೊಳೆಯುವುದನ್ನು ನಾನು ಒಪ್ಪುವುದಿಲ್ಲ. ಅತಿಯಾದರೆ ಒಳಚರ್ಮ ಸದಾ ಒದ್ದೆಯಾಗಿ ಮೆತ್ತಗಾಗಿ, ಸೋಂಕಿಗೆ ನಾವೇ ಬಾಗಿಲು ತೆರೆದಂತಾಗುತ್ತದೆ. ಹೈಡ್ರೋಜನ್ ಪೆರಾಕ್ಸೈಡ್, ಸ್ಪಿರಿಟ್ ಸುರಿಯುವವರನ್ನು ಕಂಡರಂತೂ ನನಗೆ ಸಂಕಟವಾಗುತ್ತದೆ. ಕೆಂಪಾದ ಚರ್ಮಕ್ಕೆ ಅವು ಎಷ್ಟು ಉರಿಯುತ್ತವೆಂದು ನಾಯಿ ಬಾಯಿಬಿಟ್ಟು ಹೇಳಲಾರದು.

ಹನಿ ಮದ್ದು ಶುರುವಾದ ಕೆಲವೇ ದಿನಗಳಲ್ಲಿ ವಾಸನೆ ಹೋಯಿತು. ಆದರೂ ಹೇಳಿದ ಅವಧಿ ಮುಗಿಯುವವರೆಗೂ ಹಾಕಿದೆ. ಮರುಪರೀಕ್ಷೆಯಲ್ಲಿ ಗಾಜಿನ ಪಟ್ಟಿಯ ಮೇಲೆ ಆ ನೇರಳೆ ಗುಂಪುಗಳು ಇರಲಿಲ್ಲ. ಈಗ ಈಜಿ ಬಂದ ದಿನವೂ ಕಿವಿ ನೋಡಿ, ಕೂದಲನ್ನು ಬಟ್ಟೆಯಿಂದ ಒರೆಸಿ ಒಣಗಿಸುತ್ತೇನೆ. ಅಲರ್ಜಿಗೆ ಆಹಾರವೇ ಕಾರಣವೇ ಎಂದು ತಿಳಿಯಲು ವೈದ್ಯೆ ಕನಿಷ್ಠ 8 ವಾರಗಳ ಪಥ್ಯ ಬರೆದುಕೊಟ್ಟಿದ್ದಾರೆ. ಅದು ಮುಗಿಯುವವರೆಗೆ ಬೆಳ್ಳಿಯ ಬಾಯಿಗೆ ಬೇರೆ ಒಂದು ತುಣುಕೂ ಬೀಳದಂತೆ ಮನೆಯವರೆಲ್ಲ ಕಾಯುತ್ತಿದ್ದೇವೆ.