ಮೈಯಿಲ್ಲದ ಬೇಸ್: ಜರ್ಮನಿಯ ಬಾಡಿಗೆ ಮನೆಯಲ್ಲಿ ಮೊದಲ ವಾರ

ಜರ್ಮನಿಯಲ್ಲಿ ಸಾಮಾನ್ಯವಾಗಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಾಖ್ಟ್‌ರೂಹೆ, ಅಂದರೆ ಪಕ್ಕದ ಮನೆಗೆ ಕೇಳುವ ಸದ್ದು ಕೂಡದು. ಭಾನುವಾರವಂತೂ ಇಡೀ ದಿನ ಮೌನದ ದಿನ. ಕೆಲಸ ಮುಗಿಸಿ, ಊಟ ಮಾಡಿ ಅಭ್ಯಾಸಕ್ಕೆ ನಿಲ್ಲುವವರಿಗೆ ಡಬಲ್ ಬೇಸ್, ಅಂದರೆ ಪಿಟೀಲಿನ ಬಳಗದ ಆಳೆತ್ತರದ ಮಂದ್ರ ವಾದ್ಯ, ಇಲ್ಲಿ ಕಷ್ಟ. ಅದರ ಮಂದ್ರ ನಾದ ಗೋಡೆಗೆ ಜಗ್ಗುವುದಿಲ್ಲ. ಎಲೆಕ್ಟ್ರಿಕ್ ಅಪ್‌ರೈಟ್ ಬೇಸ್ ಮನೆಗೆ ಬರುವುದು ಹೀಗೆ. ಕುತ್ತಿಗೆ ಅದೇ, ತಂತಿ ಅದೇ, ಒಡಲು ಮಾತ್ರ ಇಲ್ಲ. ಮೊದಲ ದಿನ ಎದುರಾಗುವ ತೊಡಕುಗಳೆಲ್ಲ ಬಹುಪಾಲು ಆ ಇಲ್ಲದ ಒಡಲಿನವು.

ಊರಲ್ಲಿ ಪಿಟೀಲು ಕಲಿತವರ ಕೈ ಮೊದಲು ದಿಕ್ಕು ತಪ್ಪುವುದು ದೂರದಲ್ಲಿ. ಪಿಟೀಲಿನ ತಂತಿ ಸುಮಾರು 33 ಸೆಂ.ಮೀ., ಇದರದು 105ರ ಆಸುಪಾಸು. ಕುತ್ತಿಗೆಯ ಬಿರಡೆ ಕಡೆಯ ತುದಿಯಲ್ಲಿ ಅರ್ಧ ಸ್ವರದ ಅಂತರವೇ ಸುಮಾರು 6 ಸೆಂ.ಮೀ. ಹಾಗಾಗಿ ಕೆಳ ಸ್ಥಾನಗಳಲ್ಲಿ ತೋರುಬೆರಳು, ನಡುಬೆರಳು, ಕಿರುಬೆರಳು ಮಾತ್ರ ಎಣಿಕೆಗೆ. ಉಂಗುರಬೆರಳು ಕಿರುಬೆರಳಿಗೆ ಆಸರೆ. ತಂತಿಗಳ ಶ್ರುತಿಯೂ ಸ-ಪ ಅಲ್ಲ. ಇ, ಎ, ಡಿ, ಜಿ. ಒಂದರಿಂದ ಇನ್ನೊಂದಕ್ಕೆ ಸ-ಮ, ಶುದ್ಧ ಮಧ್ಯಮ.

ಡಬಲ್ ಬೇಸಿನಲ್ಲಿ ಕುತ್ತಿಗೆ ಒಡಲನ್ನು ಸೇರುವ ಮೂಲೆಗೆ ಹೆಬ್ಬೆರಳು ತಾಗಿದರೆ, ತೋರುಬೆರಳು ಜಿ ತಂತಿಯ ಡಿ ಅಥವಾ ಇ-ಫ್ಲ್ಯಾಟ್ ಮೇಲಿದೆ ಎಂದು ಕಣ್ಣು ಮುಚ್ಚಿಯೂ ಗೊತ್ತಾಗುತ್ತದೆ. ಎಲೆಕ್ಟ್ರಿಕ್‌ನ ಹಲವು ಮಾದರಿಗಳಲ್ಲಿ ಆ ಮೂಲೆಯೇ ಇಲ್ಲ, ಬದಿಯಲ್ಲಿ ಚುಕ್ಕೆಗಳಿರುತ್ತವೆ. ಚುಕ್ಕೆ ನೋಡಿ ನುಡಿಸಲು ನಮ್ಮ ಕುತ್ತಿಗೆ ಬಗ್ಗಿಸುವ ಚಟ ಮೊದಲ ವಾರದಲ್ಲೇ ಅಂಟಿಕೊಳ್ಳುತ್ತದೆ. ಬೆರಳಿಡದ ತಂತಿಯನ್ನು ಜೊತೆಗೆ ಮೊಳಗಿಸಿ ಕಿವಿಯಿಂದಲೇ ಜಾಗ ಹುಡುಕುವುದು ಮೇಲು.

ಸ್ಟ್ಯಾಂಡಿಗೆ ಮೊದಲ ದಿನದ ಒಂದು ಗಂಟೆಯನ್ನಾದರೂ ಕೊಡಬೇಕು. ತಂತಿಗಳು ಬಿರಡೆ ಬಿಟ್ಟು ಕುತ್ತಿಗೆಗೆ ಇಳಿಯುವ ಅಂಚು ಕಣ್ಣು-ಹುಬ್ಬಿನ ಮಟ್ಟಕ್ಕೆ ಬರುವಂತೆ ನಿಲ್ಲಿಸಿ, ವಾದ್ಯವನ್ನು ಮೈ ಕಡೆಗೆ ತುಸು ವಾಲಿಸಿ. ಆಮೇಲೆ ಎಡಗೈ ಪೂರ್ತಿ ಬಿಟ್ಟು ಕಮಾನನ್ನು ಇ ತಂತಿಯ ಮೇಲೆ ಒತ್ತಿ ಎಳೆಯಿರಿ. ವಾದ್ಯ ತಿರುಗಿತೋ, ಮೊಣಕಾಲು ಅಥವಾ ಹೊಟ್ಟೆಗೆ ಆನುವ ತೋಳು ಸರಿ ಕೂತಿಲ್ಲ, ಇಲ್ಲವೇ ಹಿಡಿಕೆಯ ತಿರುಪು ಸಡಿಲವಾಗಿದೆ. ಇದನ್ನು ಹಾಗೇ ಬಿಟ್ಟರೆ ಎಡಗೈ ಹೆಬ್ಬೆರಳು ವಾದ್ಯವನ್ನು ಹಿಡಿದು ನಿಲ್ಲಿಸುವ ಕೆಲಸಕ್ಕೆ ಇಳಿಯುತ್ತದೆ. ಅಂಗೈ ನೋವು ಶುರುವಾಗುವುದು ಅಲ್ಲಿಂದಲೇ.

ತಂತಿಯ ಎತ್ತರ ಫಿಂಗರ್‌ಬೋರ್ಡಿನ (ಬೆರಳಿಡುವ ಹಲಗೆಯ) ಕೊನೆಯಲ್ಲಿ ಜಿಗೆ 5-6 ಮಿ.ಮೀ., ಇಗೆ 8-9 ಇದ್ದರೆ ಮೀಟುವುದಕ್ಕೂ ಕಮಾನಿಗೂ ನಡೆಯುತ್ತದೆ. ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯ (ಬ್ರಿಡ್ಜ್) ತಿರುಪನ್ನು ಒಮ್ಮೆಗೆ ಅರ್ಧ ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ. ಹೊಸ ತಂತಿ ಮೊದಲ ಕೆಲವು ದಿನ ಇಳಿಯುತ್ತಲೇ ಇರುತ್ತದೆ. ಮತ್ತೆ ಮತ್ತೆ ಬಿಗಿದಾಗ ಕುದುರೆಯ ತಲೆ ಬಿರಡೆಯ ಕಡೆಗೆ ವಾಲುತ್ತದೆ, ನೇರ ಮಾಡುತ್ತಿರಿ.

ಇನ್ನು ನಾದ. ‘ತಗಡಿನ ಸದ್ದು’ ಎಂಬ ದೂರು ಹೆಚ್ಚಿನ ಸಲ ವಾದ್ಯದ್ದಲ್ಲ, ಅದನ್ನು ಸಿಕ್ಕಿಸಿದ ಜಾಗದ್ದು. ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ, ಕುದುರೆಯೊಳಗಿನ ಪೀಜೋ ಪಿಕಪ್ ಒಂದು ಪುಟ್ಟ ಕೆಪಾಸಿಟರ್ ಇದ್ದಂತೆ. ಕೇಬಲ್ ಸಿಕ್ಕಿಸುವ ಆಂಪ್ಲಿಫೈಯರಿನ ಇನ್‌ಪುಟ್‌ನ ರೋಧ ಕಡಿಮೆಯಾದಷ್ಟೂ ಮಂದ್ರ ಸೋರಿಹೋಗುತ್ತದೆ. 1 ನ್ಯಾನೊಫ್ಯಾರಡ್ ಪಿಕಪ್ಪಿಗೆ 1 ಮೆಗಾಓಮ್ ಇನ್‌ಪುಟ್ ಕೊಟ್ಟರೆ ಸುಮಾರು 160 ಹರ್ಟ್ಜ್‌ನ ಕೆಳಗಿನದೆಲ್ಲ ಕ್ಷೀಣಿಸುತ್ತದೆ. ಇ ತಂತಿ 41 ಹರ್ಟ್ಜ್, ಜಿ ಕೂಡ ಬರೀ 98! 10 ಮೆಗಾಓಮ್ ಕೊಟ್ಟರೆ ಆ ಗಡಿ 16ಕ್ಕೆ ಇಳಿದು ನಾಲ್ಕೂ ತಂತಿ ತುಂಬಿ ಬರುತ್ತವೆ. ವಾದ್ಯದೊಳಗೇ ಪ್ರಿಆಂಪ್ (ಪಿಕಪ್ಪಿನ ಸಂಕೇತವನ್ನು ಮೊದಲು ಬಲಪಡಿಸುವ ಸರ್ಕ್ಯೂಟ್) ಇದ್ದರೆ ಈ ಚಿಂತೆಯಿಲ್ಲ, ಬ್ಯಾಟರಿಯದು ಉಂಟು: ಜೋರಾಗಿ ಮೀಟಿದಾಗ ಮಾತ್ರ ನಾದ ಒಡೆದರೆ ಅದನ್ನು ಬದಲಿಸುವ ಹೊತ್ತು. ಜಾಕ್ ಸಿಕ್ಕಿಸಿಟ್ಟರೆ ಸಾಮಾನ್ಯವಾಗಿ ಪ್ರಿಆಂಪ್ ಆನ್ ಆಗಿಯೇ ಇರುತ್ತದೆ, ಆದ್ದರಿಂದ ನುಡಿಸಿದ ಮೇಲೆ ಕೇಬಲ್ ಕೀಳಿ.

ಕಮಾನು ಹಿಡಿದಾಗ ಪೀಜೋ ಕರಕರ ಎನ್ನುತ್ತದೆ. 2ರಿಂದ 4 ಕಿಲೋಹರ್ಟ್ಜ್ ತುಸು ತಗ್ಗಿಸಿ, 30-35 ಹರ್ಟ್ಜ್ ಕೆಳಗಿನದನ್ನು ಕತ್ತರಿಸಿ, ಹೆಡ್‌ಫೋನಿಗೆ ಒಂದಿಷ್ಟು ರಿವರ್ಬ್ (ಕೋಣೆಯ ಅನುರಣನ) ಸೇರಿಸಿ. ಪಿಟೀಲಿನ ರಾಳ ಇದಕ್ಕೆ ತೀರ ಗಟ್ಟಿ. ಬೇಸ್ ರಾಳ ಮೆತ್ತಗೆ, ಅಂಟಂಟು. ಒಂದೇ ದಿಕ್ಕಿನಲ್ಲಿ ಮೂರು ನಾಲ್ಕು ಎಳೆತ ಸಾಕು. ಕಲಬುರಗಿಯ ಬೇಸಿಗೆಗೆ ಒಯ್ದರೆ ಡಬ್ಬಿಯನ್ನು ನೇರವಾಗಿ ಇಡಿ, ಕರಗಿ ಹರಿಯುತ್ತದೆ.

ಹೆಡ್‌ಫೋನ್ ಹಾಕಿದ ಮಾತ್ರಕ್ಕೆ ಕೆಳಗಿನ ಮನೆಯವರಿಗೆ ಏನೂ ಕೇಳಿಸದು ಎಂದಲ್ಲ. ಮೀಟುವ ಏಟು ಸ್ಟ್ಯಾಂಡಿನ ಕಾಲಿನಿಂದ ನೆಲಕ್ಕಿಳಿಯುತ್ತದೆ. ತಾಳ ಹಾಕುವ ಪಾದ ಇನ್ನೂ ಜೋರು. ದಪ್ಪ ರಬ್ಬರ್ ಮ್ಯಾಟ್ ಹಾಸಿ, ತಾಳವನ್ನು ತಲೆಯಲ್ಲೇ ಎಣಿಸಿ.

ಊರಿಗೆ ತರುವವರಿಗೆ: ಉದ್ದ, ಅಗಲ, ಎತ್ತರ ಕೂಡಿಸಿ 158 ಸೆಂ.ಮೀ. ಎಂಬುದು ವಿಮಾನ ಸಾಮಾನಿನ ವಾಡಿಕೆಯ ಮಿತಿ, ಇದು ದಾಟುತ್ತದೆ. ಟಿಕೆಟ್ ಕೊಳ್ಳುವ ಮೊದಲೇ ಕೇಳಿ. ತಂತಿಗಳನ್ನು ಒಂದೆರಡು ಸ್ವರ ಇಳಿಸಿ, ಕುದುರೆಯ ಎರಡೂ ಬದಿಗೆ ಬಟ್ಟೆ ತುರುಕಿ, ಬಿಡಿ ಲಿಥಿಯಂ ಬ್ಯಾಟರಿಗಳನ್ನು ಕೈಚೀಲದಲ್ಲಿಟ್ಟುಕೊಳ್ಳಿ.