ಪೀಸ್ ತಣ್ಣಗಾಗೋವರೆಗೂ

ಬೆಳಿಗ್ಗೆಯಿಂದ ಸಿಎನ್‌ಸಿ ಲೇತಿನಲ್ಲಿ (ಕಂಪ್ಯೂಟರ್ ನಡೆಸುವ ಲೇತ್) ಹೊಸ ಶಾಫ್ಟಿನ ಸೆಟ್ಟಿಂಗ್. ಪೀಸ್ ಹಿಡಿಯುವ ಜಾಗಳ ಬೋರಿಂಗ್, ಟೂಲಿನ ಅಳತೆ ಹೇಳುವ ಟೂಲ್ ಆಫ್‌ಸೆಟ್ ಮುಗಿಸಿ, ಪ್ರೋಗ್ರಾಂ ಒಂದೊಂದೇ ಸಾಲು ಓಡುವಂತೆ ಸಿಂಗಲ್ ಬ್ಲಾಕ್ ಹಾಕಿ, ಟೂಲಿನ ವೇಗ ತಗ್ಗಿಸುವ ಫೀಡ್ ನಾಬ್ ಮೇಲೆ ಕೈಯಿಟ್ಟುಕೊಂಡೇ ಮೊದಲ ಪೀಸ್ ಓಡಿಸಿದೆ. ಬೇರಿಂಗ್ ಕೂರುವ ಜಾಗ 50 ಎಂಎಂ. ಅದರ ಮೇಲೆ 2ರಿಂದ 18 ಮೈಕ್ರಾನ್ (ಎಂಎಂನ ಸಾವಿರದಲ್ಲೊಂದು ಭಾಗ) ಒಳಗೇ ಬರಬೇಕು. ಮೈಕ್ರೋಮೀಟರ್ ತೋರಿಸಿದ್ದು 50.022.

ಹೊಸ ಹುಡುಗ ಅಳತೆ ತಿದ್ದೋಕೆ ಆಗಲೇ ಆಫ್‌ಸೆಟ್ ಪೇಜ್ ತೆಗೆದಿದ್ದ. "ತಡಿಯಪ್ಪಾ, ಪೀಸ್ ಇನ್ನೂ ಬಿಸಿ ಐತಿ" ಅಂದೆ. ಬಳ್ಳಾರಿ ಬಿಸಿಲಿಗೆ ತಗಡಿನ ಶೆಡ್ ಬೇರೆ ಕಾದಿತ್ತು. 20 ಡಿಗ್ರಿ ಏರಿದರೆ 50 ಎಂಎಂ ಉಕ್ಕು ಸುಮಾರು 11 ಮೈಕ್ರಾನ್ ಉಬ್ಬುತ್ತದೆ.

ಒಗ್ಗಾಣಿ-ಮಿರ್ಚಿ ತಿಂದು ಬಂದು ಮತ್ತೆ ಅಳೆದೆ: 50.010. ಎಷ್ಟು ಖುಷಿ ಆಯ್ತು!

ನನಗೆ ಕೆಲಸ ಕಲಿಸಿದ ಮೇಸ್ತ್ರಿ ಪ್ರತಿ ಪೀಸನ್ನೂ ಕೆನ್ನೆಗೆ ಒತ್ತಿ ನೋಡಿಯೇ ಅಳೆಯುತ್ತಿದ್ದರು. ಯಾಕೆ ಅಂತ ಆಗ ಕೇಳಲೇ ಇಲ್ಲ.