ಶಾಖದ ದೀಪ: ಮೂರು ವಾರ ಕಾಡಿದ ಬತ್ತಿ

ಕೊನೆಗೂ ಸಿಕ್ಕಿಬಿತ್ತು! ಮೂರು ವಾರ ನನ್ನ ತಲೆ ತಿಂದಿದ್ದು ಸೆನ್ಸರ್ ಅಲ್ಲ, ಕೋಡ್ ಅಲ್ಲ, ವೈರಿಂಗ್ ಕೂಡ ಅಲ್ಲ. ಬೆರಳುದ್ದದ ಒಂದು ಬತ್ತಿ.

ಶಾಖ ಅಪಾಯದ ಮಟ್ಟ ಮುಟ್ಟಿದಾಗ ಬಣ್ಣ ಬದಲಿಸಿ ನಮ್ಮ ಜನರನ್ನು ಎಚ್ಚರಿಸಲು ನಾನು ಮಾಡಿದ ದೀಪ ಇದು. ಪೆಟ್ಟಿಗೆ, ಸೋಲಾರ್ ಪ್ಲೇಟು, ಕಪ್ಪು ಗೋಳ, ಇಎಸ್‌ಪಿ32 (ಎಲ್ಲವನ್ನೂ ನಡೆಸುವ ಪುಟ್ಟ ಕಂಪ್ಯೂಟರ್ ಚಿಪ್) ಜೋಡಿಸಿದ ಕತೆ ಬಿಡುತ್ತೇನೆ. ದೀಪ ಈಗ ಸಮುದಾಯ ಭವನದ ಗೋಡೆ ಮೇಲಿದೆ. ಹಸಿರು, ಹಳದಿ, ಕೆಂಪು, ಅದರ ಮೇಲೆ ನೇರಳೆ. ಅಮೆರಿಕದ ಸೇನಾ ತರಬೇತಿಯ ಶಾಖ ಎಚ್ಚರಿಕೆಯ ಬಾವುಟಗಳಲ್ಲಿ ಕೊನೆಯದು ಕಪ್ಪು. ಕಪ್ಪು ದೀಪ ಉರಿಸಲು ಆಗುವುದಿಲ್ಲವಲ್ಲ, ಅದಕ್ಕೆ ನೇರಳೆ. ಶುರುವಿನಲ್ಲಿ ಗಡಿಗಳೂ ಅವೇ, ಡಬ್ಲ್ಯೂಬಿಜಿಟಿ (ಗಾಳಿಯ ಬಿಸಿ, ತೇವ, ಬಿಸಿಲು ಸೇರಿಸಿ ಹೇಳುವ ಶಾಖದ ಅಂಕಿ) ಡಿಗ್ರಿ ಸೆಲ್ಸಿಯಸ್‌ನಲ್ಲಿ: 29.4ಕ್ಕೆ ಹಳದಿ, 31.1ಕ್ಕೆ ಕೆಂಪು, 32.2ಕ್ಕೆ ನೇರಳೆ. ಆದರೆ ಆ ಲೆಕ್ಕ ಗಟ್ಟಿಮುಟ್ಟಾದ ಯುವ ಸೈನಿಕರಿಗೆ ಮಾಡಿದ್ದು. ನಮ್ಮಲ್ಲಿ ವಯಸ್ಸಾದವರಿದ್ದಾರೆ, ಬಾಣಂತಿಯರಿದ್ದಾರೆ, ಇಡೀ ದಿನ ಬಿಸಿಲಲ್ಲಿ ದುಡಿಯುವವರಿದ್ದಾರೆ. ಹಾಗಾಗಿ ಹಳದಿ ಬಂದ ಕೂಡಲೇ ನಮ್ಮ ಫೋನ್ ಸರಪಳಿ ಶುರುವಾಗುತ್ತದೆ. ಆರು ಜನ, ಒಬ್ಬೊಬ್ಬರು ನಾಲ್ಕು ಮನೆಗೆ ಫೋನ್ ಮಾಡಬೇಕು. ಎತ್ತದಿದ್ದರೆ ಹೋಗಿ ಬಾಗಿಲು ತಟ್ಟಬೇಕು. 1995ರ ಜುಲೈನಲ್ಲಿ ಶಿಕಾಗೋದ ಶಾಖಕ್ಕೆ 700ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ತುಂಬಾ ಮಂದಿ ಒಬ್ಬರೇ ಇದ್ದ ವಯಸ್ಸಾದವರು. ಅದನ್ನು ಓದಿದ ದಿನವೇ ದೀಪದ ಜೊತೆ ಫೋನ್ ಪಟ್ಟಿಯೂ ಇರಲೇಬೇಕು ಎಂದು ತೀರ್ಮಾನಿಸಿದ್ದೆ.

ಈಗ ತೊಂದರೆಗೆ ಬರೋಣ. ದಿನಾ ಮಧ್ಯಾಹ್ನ ಎರಡರ ಹೊತ್ತಿಗೆ ದೀಪ ನೇರಳೆಗೆ ಹಾರುತ್ತಿತ್ತು. ಐದಕ್ಕೆ ತಾನಾಗಿಯೇ ಇಳಿಯುತ್ತಿತ್ತು. ಮೊದಲ ದಿನ ಎಲ್ಲರೂ ಓಡಾಡಿದರು. ಎರಡನೇ ದಿನವೂ ಓಡಾಡಿದರು. ಮೂರನೇ ದಿನ ಎದುರಿನ ಕಟ್ಟಡದ ಮೇಸ್ತ್ರಿ ಹೇಳಿದರು, "ಅಕ್ಕಾ, ನಿಮ್ಮ ದೀಪ ಎರಡು ಗಂಟೆಗೆ ಸರಿಯಾಗಿ ನೇರಳೆ ಆಗುತ್ತೆ. ಗಡಿಯಾರ ನೋಡೋದೇ ಬೇಡ." ಎಲ್ಲರೂ ನಕ್ಕರು. ನನಗೆ ರಾತ್ರಿ ನಿದ್ದೆ ಬರಲಿಲ್ಲ. ದೀಪವನ್ನು ನಂಬುವುದು ಬಿಟ್ಟ ಮೇಲೆ ನಿಜವಾದ ನೇರಳೆ ಬಂದರೆ ಯಾರು ನೋಡುತ್ತಾರೆ?

ಡಬ್ಲ್ಯೂಬಿಜಿಟಿ ಲೆಕ್ಕ ಹೀಗಿದೆ. ಒದ್ದೆ ಬಲ್ಬಿಗೆ (ನೀರು ಆರುತ್ತಾ ತಣಿಸುವ ಬತ್ತಿ ಸುತ್ತಿದ ಸೆನ್ಸರ್) 0.7, ಬಿಸಿಲಿನ ಕಾವು ಹಿಡಿಯುವ ಕಪ್ಪು ಗೋಳಕ್ಕೆ 0.2, ಒಣ ಗಾಳಿಗೆ 0.1. ಅಂದರೆ ಒದ್ದೆ ಬಲ್ಬು ಒಂದು ಡಿಗ್ರಿ ತಪ್ಪಿದರೆ ಉತ್ತರ 0.7 ತಪ್ಪುತ್ತದೆ. ಒಂದು ಮಧ್ಯಾಹ್ನದ ಅಂಕಿ ಹೀಗಿತ್ತು: ಗಾಳಿ 36, ಗೋಳ 46, ಒದ್ದೆ ಬಲ್ಬು 33. ಕೂಡಿಸಿದರೆ 35.9, ನೇರಳೆ. ಆದರೆ ಪಕ್ಕದ ತೇವಾಂಶ ಸೆನ್ಸರ್ 35 ಶೇಕಡ ತೋರಿಸುತ್ತಿತ್ತು. ಗಾಳಿಯ ಬಿಸಿ, ತೇವಾಂಶದಿಂದ ಒದ್ದೆ ಬಲ್ಬು ಲೆಕ್ಕ ಹಾಕುವ 2011ರ ಸ್ಟಲ್ ಸೂತ್ರಕ್ಕೆ ಹಾಕಿದರೆ ಒದ್ದೆ ಬಲ್ಬು 24ರ ಹತ್ತಿರ ಇರಬೇಕು. ಆ ಸೂತ್ರದಲ್ಲಿ ಬಿಸಿಲಿನ ಲೆಕ್ಕ ಇಲ್ಲ, ನಿಜ. ಬಿಸಿಲಲ್ಲಿರುವ ಬತ್ತಿ ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ. ಆದರೂ ಒಂಬತ್ತು ಡಿಗ್ರಿ?

ಮೊದಲು ಉಷ್ಣಾಂಶ ಅಳೆಯುವ ಡಿಎಸ್18ಬಿ20 ಸೆನ್ಸರ್ ಮೇಲೆ ಅನುಮಾನ ಬಂತು. ಅದಕ್ಕೆ ಕಾರಣವೂ ಇತ್ತು. ಅಸಲಿ ಎಂದು ಹೇಳಿ ಕಳಿಸಿದ ಐದರಲ್ಲಿ ಮೂರು ನಕಲಿ. ಸೆನ್ಸರಿನೊಳಗೆ ಬರೆದಿರುವ ಗುರುತಿನ ಸಂಖ್ಯೆ (ROM) ಓದಿಸಿದರೆ ಸಾಕು, ಗೊತ್ತಾಗಿಬಿಡುತ್ತದೆ. ಮಾರಿದವರಿಗೆ ಫೋಟೋ ಸಮೇತ ಬರೆದೆ. "ಕೆಲಸ ಮಾಡುತ್ತಿದೆಯಲ್ಲ?" ಎಂದು ಉತ್ತರ ಬಂತು. ಜನರ ಜೀವಕ್ಕೆ ಸಂಬಂಧಪಟ್ಟ ಸಾಮಾನಿಗೆ ಇದು ಉತ್ತರವೇ? ಇರಲಿ. ಅಸಲಿ ಸೆನ್ಸರ್ ಹಾಕಿದೆ, ಎರಡು ಗಂಟೆಗೆ ಮತ್ತೆ ನೇರಳೆ. 85 ಡಿಗ್ರಿಯ ಹಳೇ ಕಾಟವೇನೋ ಎಂದು ಕೋಡ್ ನೋಡಿದೆ. ಪವರ್ ಬಂದ ಕೂಡಲೇ ಆ ಸೆನ್ಸರ್ 85 ಹೇಳುತ್ತದಲ್ಲ, ಅದನ್ನು ಆಗಲೇ ಸೋಸಿದ್ದೆ. ಕೇಬಲ್ ಬದಲಿಸಿದೆ. ಪುಲ್‌ಅಪ್ ರೆಸಿಸ್ಟರ್ ಬದಲಿಸಿದೆ. ಬತ್ತಿಯ ಕೆಳತುದಿ ಮುಳುಗಿರುವ ಡಬ್ಬಿಯಲ್ಲಿ ನೀರು ಇದೆಯಾ ಎಂದು ದಿನಾ ಬೆಳಗ್ಗೆ ನೋಡುತ್ತಿದ್ದೆ. ತುಂಬಿಯೇ ಇರುತ್ತಿತ್ತು.

ತಪ್ಪಾಗಿದ್ದೇ ಅಲ್ಲಿ. ಬೆಳಗ್ಗೆ ನೋಡಿದರೆ ಏನು ಬಂತು?

ಮೊನ್ನೆ ಭಾನುವಾರ ಕೊಡೆ ಹಿಡಿದು ತಾರಸಿ ಮೇಲೆ ಸೆನ್ಸರ್ ಪೆಟ್ಟಿಗೆಯ ಪಕ್ಕದಲ್ಲೇ ಕೂತೆ. ಹನ್ನೆರಡಕ್ಕೆ ಬತ್ತಿ ಪೂರ್ತಿ ಒದ್ದೆ, ಬೂದು ಬಣ್ಣ. ಒಂದೂವರೆಗೆ ಮೇಲ್ತುದಿ ಬಿಳಿಚಿಕೊಂಡಿತು. ಎರಡಕ್ಕೆ ಸೆನ್ಸರಿನ ಅರ್ಧ ಭಾಗ ಸುತ್ತಿದ್ದ ಬತ್ತಿ ಒಣಗಿ ಗರಿಗರಿ. ಕೆಳಗೆ ಡಬ್ಬಿಯಲ್ಲಿ ನೀರು ತುಂಬಿದೆ! ಬೆರಳಿಟ್ಟು ನೋಡಿದೆ. ಮೇಲೆ ಬೆಚ್ಚಗೆ, ಕೆಳಗೆ ತಣ್ಣಗೆ. ಆಗ ಹೊಳೆಯಿತು. ಬೆಳಗ್ಗೆ, ರಾತ್ರಿ ನೀರು ನಿಧಾನ ಆರುತ್ತದೆ, ಬತ್ತಿ ಎಷ್ಟು ಎಳೆದರೂ ಸಾಕು. ಮಧ್ಯಾಹ್ನ ಬಿಸಿಲು, ಒಣಗಾಳಿ. ಬತ್ತಿ ಎಳೆಯುವುದಕ್ಕಿಂತ ಬೇಗ ನೀರು ಆರಿಹೋಗುತ್ತದೆ. ನಮ್ಮ ಬೆವರಿನ ಕತೆಯೂ ಹೀಗೆಯೇ ಅಲ್ವಾ? ನೀರು ಕುಡಿಯದೆ ದುಡಿದರೆ ಬೆವರು ಸಾಲುವುದಿಲ್ಲ, ಮೈ ಕಾಯುತ್ತದೆ.

ಆದರೆ ಹತ್ತಿ ಬತ್ತಿ ಯಾಕೆ ನೀರು ಎಳೆಯುತ್ತಿಲ್ಲ? ಒಂದು ತುಂಡು ಕತ್ತರಿಸಿ ಚಿಮಟದಲ್ಲಿ ಹಿಡಿದು ಬೆಂಕಿ ತೋರಿಸಿದೆ. ಹತ್ತಿಯಾದರೆ ಕಾಗದದ ಹಾಗೆ ಉರಿದು ಬೂದಿ ಉದುರಬೇಕು. ಇದು ಮುದುಡಿತು, ಕರಗಿತು, ತುದಿಯಲ್ಲಿ ಕರೀ ಮಣಿ ಕಟ್ಟಿತು. ಪಾಲಿಯೆಸ್ಟರ್ ಬೆರಕೆ! ಪೊಟ್ಟಣದ ಮೇಲೆ "ನೂರಕ್ಕೆ ನೂರು ಹತ್ತಿ" ಎಂದು ದಪ್ಪಕ್ಷರ.

ನಾಲ್ಕು ಬತ್ತಿ ಪಕ್ಕಪಕ್ಕ ನೇತುಹಾಕಿ ಪರೀಕ್ಷೆ ಮಾಡಿದೆ. ಗೆದ್ದಿದ್ದು ಹತ್ತಿಯ ಶೂ ಲೇಸ್. ಒಳಗೆ ಟೊಳ್ಳು, ಸೆನ್ಸರಿಗೆ ಕಾಲುಚೀಲದ ಹಾಗೆ ತೊಡಿಸಬಹುದು. ಅದನ್ನೂ ಮೊದಲು ಸುಟ್ಟು ನೋಡಿ. ಆಮೇಲೆ ವಾಷಿಂಗ್ ಸೋಡಾ ಹಾಕಿ ಅರ್ಧ ಗಂಟೆ ಕುದಿಸಿ, ಚೆನ್ನಾಗಿ ಜಾಲಿಸಬೇಕು. ಗಂಜಿ, ಮೇಣ ಎಲ್ಲ ಬಿಟ್ಟುಹೋಗುತ್ತದೆ. ಕುದಿಸದ ಲೇಸಿನ ಮೇಲೆ ನೀರು ಹನಿಯಾಗಿ ನಿಲ್ಲುತ್ತದೆ, ಕುದಿಸಿದ್ದರ ಮೇಲೆ ಬೀಳುತ್ತಲೇ ಮಾಯ. ಸೆನ್ಸರ್ ಇರುವ ಸ್ಟೀಲ್ ಕೊಳವೆ ಕೇಬಲ್ ಕಡೆಯಿಂದಲೂ ಬಿಸಿ ಎಳೆದು ತರುತ್ತದೆ. ಹಾಗಾಗಿ ಕೊಳವೆ ಮುಗಿದು ಇನ್ನೂ ಮೂರು ಬೆರಳು ಮೇಲಿನವರೆಗೆ ಬತ್ತಿ ತೊಡಿಸಿದೆ. ನಲ್ಲಿ ನೀರು ಬೇಡ, ಡಿಸ್ಟಿಲ್ಡ್ ನೀರೇ ಆಗಬೇಕು. ಹಳೇ ಬತ್ತಿಯ ತುದಿಯಲ್ಲಿ ಬಿಳಿ ಉಪ್ಪು ಗಟ್ಟಿಯಾಗಿ ಕೂತಿತ್ತು, ಅದೂ ದಾರಿ ಕಟ್ಟುತ್ತದೆ. ಡಬ್ಬಿಗೆ ಬಿಳಿ ಬಣ್ಣ ಬಳಿದು ನೆರಳಿಗೆ ಸರಿಸಿದೆ.

ಗೋಳದ್ದು ಒಂದು ಮಾತು. ನನ್ನದು 40 ಮಿಲಿಮೀಟರಿನ ಟೇಬಲ್ ಟೆನಿಸ್ ಚೆಂಡು, ಮ್ಯಾಟ್ ಕಪ್ಪು ಬಳಿದದ್ದು. ಅಸಲಿ ಅಳತೆ 150. ಚಿಕ್ಕ ಗೋಳವನ್ನು ಗಾಳಿ ಬೇಗ ತಣಿಸುತ್ತದೆ, ಹಾಗಾಗಿ ಬಿಸಿಲಲ್ಲಿ ಅದು ಕಡಿಮೆ ತೋರಿಸುತ್ತದೆ. ಇದು ಸುಳ್ಳು ಅಲಾರಮ್‌ಗಿಂತ ಅಪಾಯ. ತಿದ್ದುವ ಲೆಕ್ಕಕ್ಕೆ ಗಾಳಿಯ ವೇಗ ಬೇಕು. ಗಾಳಿ ಮೀಟರ್ ಬರುವವರೆಗೆ ಇರಲಿ ಎಂದು ಗಡಿಗಳನ್ನೇ ಒಂದು ಡಿಗ್ರಿ ಕೆಳಗೆ ಇಳಿಸಿದ್ದೇನೆ.

ಹಾಂ, ತಾರಸಿ ಮೇಲೆ ಕೂತಾಗಲೇ ಮುಂದಿನ ಕೆಲಸವೂ ತಲೆಗೆ ಬಂತು. ಮಳೆಗಾಲಕ್ಕೆ ಮೊದಲು ಕೆಳಗಿನ ದೊಡ್ಡ ಚರಂಡಿಯ ಸೇತುವೆಗೆ ಅಲ್ಟ್ರಾಸಾನಿಕ್ ಸೆನ್ಸರ್ (ಶಬ್ದ ಬಿಟ್ಟು, ಅದು ಮರಳುವ ಹೊತ್ತಿನಿಂದ ದೂರ ಅಳೆಯುವುದು) ಕಟ್ಟಿ ನೀರಿನ ಮಟ್ಟ ಅಳೆಯಬೇಕು. ಅದೇ ದೀಪ, ಅದೇ ಫೋನ್ ಪಟ್ಟಿ. ಗಾಳಿ ಬಿಸಿಯಾದಷ್ಟೂ ಶಬ್ದದ ವೇಗ ಜಾಸ್ತಿ, ಡಿಗ್ರಿಗೆ ಸೆಕೆಂಡಿಗೆ ಸುಮಾರು 0.6 ಮೀಟರ್. ಅದನ್ನು ತಿದ್ದಲು ಇದೇ ಸ್ಟೇಷನ್ನಿನ ಉಷ್ಣಾಂಶ ಸಾಕು. ಬ್ಯಾಟರಿ ಮಾತ್ರ ಈ ಸಲ ಲಿಥಿಯಂ ಐರನ್ ಫಾಸ್ಫೇಟ್, ಅಂದರೆ ಎಲ್‌ಎಫ್‌ಪಿ. ಮಾಮೂಲಿ ಲಿಥಿಯಂ ಅಯಾನ್ ಸೆಲ್ಲನ್ನು 45 ಡಿಗ್ರಿ ಮೇಲೆ ಚಾರ್ಜ್ ಮಾಡಬಾರದು. ಬಿಸಿಲಲ್ಲಿರುವ ಪೆಟ್ಟಿಗೆ ಅದನ್ನು ದಾಟಿಬಿಡುತ್ತದೆ.

ಕೋಡಿಗೆ ಒಂದು ಸಾಲು ಸೇರಿಸಿದೆ. ಬತ್ತಿಯ ಅಂಕಿಗೂ ಸೂತ್ರದ ಅಂಕಿಗೂ ನಾಲ್ಕು ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ದೀಪ ಯಾವ ಬಣ್ಣಕ್ಕೂ ಹೋಗದೆ ಬಿಳಿ ಮಿಣುಕುತ್ತದೆ. "ಕೆಟ್ಟಿದೆ, ನಂಬಬೇಡಿ" ಎಂದು ಅರ್ಥ. ಭವನದ ಬಾಗಿಲಿಗೆ ಚೀಟಿ ಅಂಟಿಸಿದ್ದೇನೆ. ಮೇಸ್ತ್ರಿಯನ್ನು ಕರೆದು ಸುಟ್ಟ ಬತ್ತಿ ತೋರಿಸಿ, ಇಷ್ಟು ದಿನ ದೀಪ ಯಾಕೆ ತಪ್ಪು ಹೇಳಿತು ಎಂದು ವಿವರಿಸಿದೆ. ಕರೀ ಮಣಿಯನ್ನು ಉಗುರಲ್ಲಿ ಕೆರೆದು ನೋಡಿದರು. ಏನೂ ಹೇಳಲಿಲ್ಲ.

ಇವತ್ತು ಎರಡು ಗಂಟೆಗೆ ಗಾಳಿ 36, ಗೋಳ 46, ಬತ್ತಿ 25. ಒಟ್ಟು 30.3. ಗಡಿ ಇಳಿಸಿದ್ದರಿಂದ ದೀಪ ಕೆಂಪು. ಎದುರಿನ ಕಟ್ಟಡದಲ್ಲಿ ಸಾರಣೆ ಕೆಲಸ ನಡೆಯುತ್ತಿತ್ತು. ಮೇಸ್ತ್ರಿ ಕತ್ತೆತ್ತಿ ದೀಪ ನೋಡಿದರು. ಕರಣೆ ಕೆಳಗಿಟ್ಟರು. ಕೂಗಿ ಎಲ್ಲರನ್ನೂ ನೆರಳಿಗೆ ಕರೆದರು.